ಬೇಗ ಬಿಟ್ಟ ಮೆಮೊರಿ

ಕಂಪ್ಯೂಟರಿನಲ್ಲಿ ಕ್ಯಾಮೆರಾ ನಡೆಸುವ ಹಳೇ ಸಾಫ್ಟ್‌ವೇರನ್ನು, ಅಂದರೆ ಡ್ರೈವರನ್ನು, ಹೊಸ ಲಿನಕ್ಸ್‌ಗೆ ಒಗ್ಗಿಸುವ ಕೆಲಸ ತನಗೆ ತಪ್ಪಿ, ನಿನ್ನೆ ಮೊನ್ನೆ ಬಂದ ಹುಡುಗಿಯ ಪಾಲಾದಾಗಿನಿಂದ ಹಿರಿಯ ಎಂಜಿನಿಯರಿಗೆ ಹೊಟ್ಟೆಯುರಿಯೋ ಹೊಟ್ಟೆಯುರಿ. ಕದ್ದು ಅವಳ ಕೋಡಿಗೆ ಕಣ್ಣು ಹಾಯಿಸಿದ. ಚಿತ್ರ ತುಂಬಿಸಲೆಂದು ಪ್ರೋಗ್ರಾಂ ಕೊಟ್ಟ ಮೆಮೊರಿಯನ್ನು ಕ್ಯಾಮೆರಾ ಬರೆದು ಮುಗಿಸುವ ತನಕ ಡ್ರೈವರ್ ಹಿಡಿದಿಟ್ಟುಕೊಳ್ಳಬೇಕು. ಇಲ್ಲಿ ಮೊದಲೇ ಬಿಟ್ಟುಬಿಟ್ಟಿತ್ತು. ಹಾಲು ಕುಡಿದಷ್ಟು ಸಂತೋಷವಾಗಿ, ಮಹಾರಾಯ ಬಾಯಿಗೆ ಬೀಗ ಹಾಕಿಕೊಂಡ.

ಮರುದಿನ ಅವಳು ಎಲ್ಲರೆದುರು ಕ್ಯಾಮೆರಾ ನಡೆಸಿ ತೋರಿಸುವಾಗ ಪರದೆಯ ಮೇಲಿನ ಚಿತ್ರ ಚಿಂದಿಯಾಗಿ, ಯಂತ್ರವೇ ನಿಂತುಹೋಯಿತು.

"ಮೆಮೊರೀನ ಅಷ್ಟು ಬೇಗ ಬಿಡೋದಾ? ಯಾವ ದಡ್ಡ ಹೀಗೆ ಬರೀತಾನಮ್ಮಾ?" ಅಂದ, ಎಲ್ಲರಿಗೂ ಕೇಳುವ ಹಾಗೆ.

ಹುಡುಗಿ ತಬ್ಬಿಬ್ಬಾದಳು. "ಸರ್, ಹಳೇ ಕೋಡಿನ ಆ ಒಂದು ಭಾಗ ನಾನು ಮುಟ್ಟೇ ಇಲ್ಲ. ಅದರ ಮೇಲೆ ಬರೆದವರು ಅಂತ ನಿಮ್ಮ ಹೆಸರಿತ್ತು, ಸರಿಯಾಗೇ ಇರುತ್ತೆ ಅಂತ ಹಾಗೇ ಬಿಟ್ಟೆ."