ಹೊಸ್ತಿಲ ಮೇಲಿನ ಪರೀಕ್ಷೆ

ನನಗೆ ಸಿಟ್ಟು ಬೇಗ ಬರುತ್ತದೆ. ನಮ್ಮ ಶಿಕ್ಷಣ ಇಲಾಖೆಯ ಜವಾನನಿಂದ ಹಿಡಿದು ರಾಜಧಾನಿಯ ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಇದು ಗೊತ್ತು. ಯುದ್ಧದ ಎರಡನೆಯ ವರ್ಷ ಪ್ರಾಂತ್ಯದ ಸರ್ಕಾರಿ ಶಾಲೆಗಳೆಲ್ಲ ನನ್ನ ಸುಪರ್ದಿಗೆ ಬಂದಾಗ ಅರ್ಧ ಶಾಲೆಗಳಲ್ಲಿ ಸೈನಿಕರು ಮಲಗುತ್ತಿದ್ದರು. ಆಮೇಲೆ ಊರೂರಿಗೂ ಸಾಂಕ್ರಾಮಿಕ ಜ್ವರ ಬಂತು. ಉಳಿದರ್ಧ ಶಾಲೆಗಳಲ್ಲಿ ರೋಗಿಗಳು ಮಲಗಿದರು.

"ಶಾಲೆ ಅಂದ್ರೆ ಮಲಗೋ ಜಾಗ ಅಂತ ಇವರಿಗೆಲ್ಲ ಯಾರು ಹೇಳಿಕೊಟ್ಟರೋ" ಎಂದು ಕಚೇರಿಯಲ್ಲಿ ಕೂಗಾಡಿದೆ.

"ನಾವೇ ಮೇಡಂ, ಮಧ್ಯಾಹ್ನದ ಪಾಠ ಮಾಡಿ ಮಾಡಿ" ಎಂದರು ಗಣಿತದ ಮೇಷ್ಟ್ರು. ನನ್ನೆದುರು ಹಾಗೆ ಮಾತಾಡುವ ಎದೆಗಾರಿಕೆ ಇದ್ದದ್ದು ಅವರೊಬ್ಬರಿಗೇ.

ನಗುವ ಹೊತ್ತಾಗಿರಲಿಲ್ಲ ಅದು. ಸರ್ಕಾರದ ಹುಕುಂ ಬಂದಿತ್ತು: ವರ್ಷದ ಕೊನೆಗೆ ಹತ್ತನೆಯ ತರಗತಿಯ ಪರೀಕ್ಷೆ ಬರೆದವರು ವಿದ್ಯಾರ್ಥಿಗಳಾಗಿಯೇ ಮುಂದುವರಿಯಬಹುದು, ಬರೆಯದವರು ಮದ್ದುಗುಂಡಿನ ಕಾರ್ಖಾನೆಗೆ ಹೋಗಬೇಕು. ಹಿಂದಿನ ವರ್ಷ ಅಲ್ಲಿಗೆ ಹೋದ ಮಕ್ಕಳಲ್ಲಿ ಕೆಲವರು ಬೆರಳು ಕಳೆದುಕೊಂಡು ವಾಪಸು ಬಂದಿದ್ದರು, ಕೆಲವರು ಬರಲೇ ಇಲ್ಲ. ನನ್ನ ಮಗಳು ಆ ವರ್ಷ ಹತ್ತನೆಯ ತರಗತಿ. ಅಧಿಕಾರಿಯ ಮಗಳು ಎಂದು ಕಾರ್ಖಾನೆಯ ಲಾರಿ ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಬಿಟ್ಟು ಹೋಗಿ ಎಂದು ಕೇಳುವ ಮುಖ ನನಗೂ ಇರಲಿಲ್ಲ.

ಶಾಲೆಯಿಲ್ಲ, ಗುಂಪು ಸೇರುವಂತಿಲ್ಲ, ಪರೀಕ್ಷೆ ಮಾತ್ರ ಆಗಬೇಕು. ತಲೆ ಕೆಟ್ಟು ಕೂತಿದ್ದಾಗ ಸೇನೆಯವರು ಲಾರಿಗಟ್ಟಲೆ ಕಪ್ಪು ಬಣ್ಣ ಕಳಿಸಿದರು. ವಿಮಾನಗಳಿಗೆ ಬೆಳಕು ಕಾಣದಂತೆ ಶಾಲೆಗಳ ಕಿಟಕಿಗಾಜುಗಳಿಗೆಲ್ಲ ಬಳಿಯಬೇಕಂತೆ. ನಾನು ಕಿಟಕಿಗಳಿಗೆ ಹಳೆಯ ಕಂಬಳಿ ಹೊಡೆಸಿ, ಆ ಬಣ್ಣವನ್ನು ಊರೂರಿನ ಬೀದಿಗೋಡೆಗಳಿಗೆ ಬಳಿಸಿದೆ. ಬೀದಿಗೊಂದು ಕರಿಹಲಗೆಯಾಯಿತು. ಮೇಷ್ಟ್ರುಗಳು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಬೀದಿಯ ನಡುವೆ ನಿಂತು ಪಾಠ ಮಾಡತೊಡಗಿದರು. ಮಕ್ಕಳು ತಮ್ಮ ತಮ್ಮ ಹೊಸ್ತಿಲ ಮೇಲೆ ಕೂತು ಕೇಳುವುದು, ಕೆಳಗಿಳಿಯುವಂತಿಲ್ಲ. ಮೇಷ್ಟ್ರು ಪ್ರಶ್ನೆ ಕೂಗಿದರೆ ಗೊತ್ತಿದ್ದವರು ಕೂತಲ್ಲಿಂದಲೇ ಉತ್ತರ ಕೂಗುವುದು. ಹೀಗೆ ನಮ್ಮ ಪ್ರಾಂತ್ಯದ ಶಾಲೆ ಮತ್ತೆ ಶುರುವಾಯಿತು. ಆ ದಿನ ನಾನು ಬೀದಿಯಿಂದ ಬೀದಿಗೆ ಅಲೆದು, ಮಗ್ಗಿಯ ಸದ್ದು ಕೇಳಿ ಕೇಳಿ ಹೊಟ್ಟೆ ತುಂಬಿಸಿಕೊಂಡೆ.

ಒಂದೇ ತಾಪತ್ರಯವೆಂದರೆ ಮಕ್ಕಳ ಬೆನ್ನ ಹಿಂದೆ ಇಡೀ ಮನೆಯೇ ಪಾಠ ಕೇಳುತ್ತಿತ್ತು. ಅದರಲ್ಲೂ ನನ್ನ ಅಮ್ಮ. ಬಾಗಿಲ ಮರೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತು, ಮೇಷ್ಟ್ರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗಿಬಿಡುವರು. ಸರಿಯೋ ತಪ್ಪೋ ಬೇರೆ ಮಾತು, ದನಿ ಮಾತ್ರ ಬೀದಿಯ ಆಚೆ ತುದಿಗೂ ಮುಟ್ಟುತ್ತಿತ್ತು. "ಅಮ್ಮಾ, ನಿಮ್ಮದೂ ಹಾಜರಿ ಹಾಕಿಬಿಡ್ಲಾ" ಎಂದು ಗಣಿತದ ಮೇಷ್ಟ್ರು ಕೇಳಿದರೆ, "ಹಾಕಪ್ಪ, ತಪ್ಪೇನು" ಎಂದಿದ್ದರು.

ಹೊಸ್ತಿಲ ಮೇಲೆ ಬರೆದದ್ದು ಪರೀಕ್ಷೆಯೇ ಅಲ್ಲ ಎಂದಿತು ರಾಜಧಾನಿ. ನಾನು ಜಗಳಕ್ಕೆ ನಿಂತೆ. ಕೊನೆಗೆ ಒಬ್ಬ ತನಿಖಾಧಿಕಾರಿಯನ್ನು ಕಳಿಸಲು ಒಪ್ಪಿದರು. ಆತ ತಾನೇ ಆರಿಸಿದ ಒಂದು ಬೀದಿಯಲ್ಲಿ ಕೂತು ನೋಡುತ್ತಾನೆ. ಅಲ್ಲಿ ನೆಟ್ಟಗಿದ್ದರೆ ಇಡೀ ಪ್ರಾಂತ್ಯದ ಪರೀಕ್ಷೆ ಊರ್ಜಿತ, ಅಲ್ಲಿ ಕಾಪಿ ಸಿಕ್ಕರೆ ಎಲ್ಲರದೂ ರದ್ದು. ಬಂದವರ ಮುಖ ನೋಡಿ ನಮ್ಮ ಮೇಷ್ಟ್ರುಗಳು ಅಲ್ಲೇ 'ಹುಳಿಮುಖ' ಎಂದು ಹೆಸರಿಟ್ಟರು.

"ನಿಮ್ಮ ಮನೆ ಯಾವ ಬೀದಿಯಲ್ಲಿದೆ ಮೇಡಂ?" ಎಂದು ಪರೀಕ್ಷೆಯ ಬೆಳಿಗ್ಗೆ ಅವರು ಕೇಳಿದರು. ಹೇಳಿದೆ. "ಹಾಗಾದ್ರೆ ಅಲ್ಲಿಗೇ ಹೋಗೋಣ. ಮೋಸ ಇದ್ರೆ ಮೊದಲು ಅಲ್ಲೇ ಇರುತ್ತೆ."

ಮೈಯೆಲ್ಲ ಉರಿದುಹೋಯಿತು. ಮಕ್ಕಳಿಗೋಸ್ಕರ ನುಂಗಿಕೊಂಡೆ. ನನ್ನ ಹೆದರಿಕೆ ಬೇರೆಯೇ ಇತ್ತು. ಹಿಂದಿನ ದಿನವೇ ಅಮ್ಮನಿಗೆ ಹೇಳಿದ್ದೆ, ನಾಳೆ ಒಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳಿ ಅಂತ. "ನನಗೇನು ಅಷ್ಟೂ ತಿಳಿಯಲ್ವಾ" ಎಂದು ಮುಖ ಊದಿಸಿಕೊಂಡು ಊಟ ಬಿಟ್ಟಿದ್ದರು.

ಕಾಗದದ ಅಭಾವ, ಪ್ರಶ್ನೆಪತ್ರಿಕೆ ಅಚ್ಚಾಗಿರಲಿಲ್ಲ. ಗಣಿತದ ಮೇಷ್ಟ್ರು ಒಂದೊಂದೇ ಪ್ರಶ್ನೆ ಓದುವುದು, ಮಕ್ಕಳು ಬರೆಯುವುದು. ಬೀದಿ ಗಪ್‌ಚಿಪ್ಪಾಗಿತ್ತು. ಹುಳಿಮುಖ ಬೀದಿಯ ನಡುವೆ ಕುರ್ಚಿ ಹಾಕಿಕೊಂಡು ಅತ್ತಿತ್ತ ಕತ್ತು ಹೊರಳಿಸುತ್ತಿದ್ದರು. ಗಣಿತ ಮುಗಿದು ವಿಜ್ಞಾನಕ್ಕೆ ಬಂತು. ನಾನು ಆಗ ತಾನೇ ಸರಾಗವಾಗಿ ಉಸಿರಾಡತೊಡಗಿದ್ದೆ.

"ಗಾಳಿಯಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿರುವ ಅನಿಲ ಯಾವುದು?" ಎಂದರು ಮೇಷ್ಟ್ರು.

"ಆಮ್ಲಜನಕ" ಎಂದಿತು ನಮ್ಮ ಮನೆಯ ಬಾಗಿಲ ಮರೆ.

ಇಷ್ಟು ತಿಂಗಳ ರೂಢಿ, ಅಮ್ಮನಿಗೇ ಗೊತ್ತಾಗದೆ ಬಾಯಿಂದ ಜಾರಿಬಿಟ್ಟಿತ್ತು. ಮರುಕ್ಷಣ "ಅಯ್ಯೋ ನನ್ನ ಬಾಯಿಗೆ" ಎಂದದ್ದೂ ಬೀದಿಗೆಲ್ಲ ಕೇಳಿಸಿತು. ಹುಳಿಮುಖ ಎದ್ದು ನಿಂತರು.

"ಮುಗೀತು ಮೇಡಂ. ನಿಮ್ಮ ಮನೆಯಿಂದಲೇ."

ಹೊಸ್ತಿಲುಗಳ ಮೇಲೆ ಮಕ್ಕಳು ಪೆನ್ಸಿಲ್ ಹಿಡಿದಂತೆಯೇ ನನ್ನನ್ನು ನೋಡುತ್ತಿದ್ದರು. ಎದುರುಮನೆಯ ದರ್ಜಿಯ ಮಗಳ ತುಟಿ ನಡುಗುತ್ತಿತ್ತು. ಅದನ್ನು ನೋಡಿದ್ದೇ ತಡ, ಹೆದರಿಕೆ ಹೋಗಿ ಹಳೆಯ ಸಿಟ್ಟು ನೆತ್ತಿಗೇರಿತು. ಆದರೂ ಮಕ್ಕಳಿಗೆ ಕೇಳಿಸದಂತೆ, ಹುಳಿಮುಖರ ಹತ್ತಿರ ಹೋಗಿ ಹಲ್ಲು ಕಚ್ಚಿ ಪಿಸುದನಿಯಲ್ಲಿ ಹೇಳಿದೆ.

"ಏನು ಮುಗಿದಿದ್ದು ಸಾರ್? ಅಮ್ಮ ಹೇಳಿದ ಉತ್ತರ ತಪ್ಪು. ಗಾಳಿಯಲ್ಲಿ ಹೆಚ್ಚಿರೋದು ಸಾರಜನಕ. ಬೀದಿಗೆಲ್ಲ ಕೇಳಿಸಿದೆಯಲ್ಲ, ಮಕ್ಕಳು ಕಾಪಿ ಹೊಡೆಯೋರಾದ್ರೆ ಈಗ ಎಲ್ಲರ ಹಾಳೆಯಲ್ಲೂ ಆಮ್ಲಜನಕ ಇರಬೇಕು. ಎಲ್ಲರೂ ಉತ್ತರ ಬರೆದು ಮುಗಿಸ್ಲಿ, ನೀವೇ ಮನೆಮನೆಗೂ ಹೋಗಿ ನೋಡಿ. ಒಂದೇ ಒಂದು ಹಾಳೆಯಲ್ಲಿ ಇದ್ರೂ ಪರೀಕ್ಷೆ ರದ್ದು ಅಂತ ನಾನೇ ಬರೆದುಕೊಡ್ತೀನಿ."

ಹೇಳಿ ಬಾಯಿ ಮುಚ್ಚಿದ ಮೇಲೆ ನನ್ನ ತಪ್ಪು ಹೊಳೆಯಿತು. ಎಂಥ ಕೆಲಸ ಮಾಡಿಕೊಂಡೆ. ಮೊದಲು ನಾನೂ ವಿಜ್ಞಾನದ ಟೀಚರಾಗಿದ್ದವಳೇ. ಈ ಪ್ರಶ್ನೆಗೆ ಮಕ್ಕಳು ಮಾಡುವ ತಪ್ಪೆಂದರೆ ಇದೊಂದೇ, ಪ್ರತಿ ವರ್ಷವೂ ಇದನ್ನೇ. ಯಾರ ಮಾತೂ ಕೇಳದೆ, ತಾನಾಗಿಯೇ ಒಂದು ಮಗು ಆಮ್ಲಜನಕ ಎಂದು ಬರೆದಿದ್ದರೂ ಸಾಕು, ಪ್ರಾಂತ್ಯದ ಮಕ್ಕಳೆಲ್ಲ ಲಾರಿ ಹತ್ತಬೇಕು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವಂತಿರಲಿಲ್ಲ.

ಮಕ್ಕಳೆಲ್ಲ ಬರೆದು ಪೆನ್ಸಿಲ್ ಕೆಳಗಿಟ್ಟ ಮೇಲೆ ಹುಳಿಮುಖ ಹೊರಟರು. ನಾನು ಹಿಂದೆ ನಡೆದೆ. ಮೊದಲ ಮನೆ, ಸಾರಜನಕ. ಪಕ್ಕದ ಮನೆ, ಸಾರಜನಕ. ಗಾಡಿ ಹೊಡೆಯುವವನ ಅವಳಿಮಕ್ಕಳದು, ಕಾಗುಣಿತ ಕೆಟ್ಟಿದ್ದರೂ ಸಾರಜನಕವೇ. ಮೇಷ್ಟ್ರು ನನ್ನ ಕಿವಿಯಲ್ಲಿ "ಉಸಿರು ಬಿಡಿ ಮೇಡಂ" ಎಂದರು. ದರ್ಜಿಯ ಮಗಳ ಹಾಳೆಯ ಮುಂದೆ ಹುಳಿಮುಖ ನಿಂತರು, ನಿಂತೇ ಇದ್ದರು. ನಾನು ಕಣ್ಣು ಮುಚ್ಚಿಕೊಂಡೆ.

"ಇದೇನಮ್ಮ, 'ಧೂಳು' ಅಂತ ಬರೆದಿದ್ದೀಯ?"

"ನಮ್ಮ ಬೀದೀಲಿ ಅದೇ ಜಾಸ್ತಿ ಸಾರ್" ಎಂದಿತು ಹುಡುಗಿ, ಅಳುವ ದನಿಯಲ್ಲಿ.

"ತಪ್ಪು ಉತ್ತರ" ಎಂದರು ಹುಳಿಮುಖ. "ಆದ್ರೆ ತಪ್ಪು ನಿನ್ನದೇ, ಬೇರೆಯವರದ್ದಲ್ಲ." ಅವರ ಮೀಸೆಯ ಕೆಳಗೆ ಏನೋ ಅಲುಗಾಡಿತು.

ಕೊನೆಗೆ ಉಳಿದದ್ದು ನಮ್ಮ ಮನೆ. ಮಗಳು ಹಾಳೆಯ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದಳು.

"ಕೈ ತೆಗಿಯಮ್ಮ."

"ಮುಗಿಯೋವರೆಗೂ ಯಾರಿಗೂ ತೋರಿಸಬಾರದು ಅಂತ ಮೇಡಂ ಹೇಳಿದ್ದಾರೆ" ಎಂದು ನನ್ನತ್ತ ನೋಡಿದಳು. ಅಮ್ಮ ಎನ್ನಲಿಲ್ಲ, ಮೇಡಂ ಎಂದಳು.

"ತೋರಿಸು" ಎಂದೆ. ಅವಳು ಕೈ ತೆಗೆದಳು. ಸಾರಜನಕ. ಗುಂಡಗೆ, ಒಂದು ಚೂರೂ ತಿದ್ದಿಲ್ಲದೆ.

"ಬೀದೀಲೆಲ್ಲ ಆಮ್ಲಜನಕ ಅಂದಿದ್ದು ನಿಮ್ಮ ಅಮ್ಮ ಒಬ್ಬರೇ ಮೇಡಂ" ಎಂದರು ಹುಳಿಮುಖ. ಆಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ ಮೇಷ್ಟ್ರೇ, ನೋಡ್ತಾ ನಿಂತ್ರಲ್ಲ, ಮುಂದಿನ ಪ್ರಶ್ನೆ ಓದಿ."

ಸಂಜೆ ಅವರು ನಮ್ಮ ಜಗಲಿಯ ಮೇಲೆ ಕೂತು ಪ್ರಾಂತ್ಯದ ಪರೀಕ್ಷೆ ಊರ್ಜಿತ ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರು ಅದನ್ನು ಬೀದಿಯ ನಡುವೆ ನಿಂತು ಓದಿದಾಗ ಹೊಸ್ತಿಲು ಹೊಸ್ತಿಲಿನಿಂದ ಎದ್ದ ಚಪ್ಪಾಳೆ ಪಕ್ಕದ ಬೀದಿಗೂ ಹಬ್ಬಿತು. ಅಲ್ಲಿಯವರು ಯಾಕೆಂದು ಕೇಳದೆಯೇ ಚಪ್ಪಾಳೆ ತಟ್ಟಿದರು.

ನಾನು ಒಳಗೆ ಹೋಗಿ, ಬೆಳಗಿನಿಂದ ಅದುಮಿಟ್ಟಿದ್ದನ್ನೆಲ್ಲ ಅಮ್ಮನ ಮೇಲೆ ಸುರಿಯಲು ಬಾಯಿ ತೆರೆದೆ. ಅವರು ಕಣ್ಣೊರೆಸಿಕೊಳ್ಳುತ್ತಾ, ಮೊಮ್ಮಗಳನ್ನು ತೋಳಲ್ಲಿ ಅವುಚಿಕೊಂಡು, ನನಗಿಂತ ಮೊದಲೇ ಶುರು ಮಾಡಿದರು.

"ಬೈಯೋಕೆ ಬಂದ್ಯಾ? ನಾನು ತಪ್ಪು ಹೇಳದೇ ಇದ್ದಿದ್ರೆ, ಇವರು ಕಾಪಿ ಹೊಡೆಯೋ ಮಕ್ಕಳಲ್ಲ ಅಂತ ಆ ಮನುಷ್ಯನಿಗೆ ಹೇಗೆ ಗೊತ್ತಾಗ್ತಿತ್ತು?"

ಅಲ್ಲೇ ನೆಲದ ಮೇಲೆ ಅವರಿಬ್ಬರ ಪಕ್ಕ ಕುಸಿದು ಕೂತೆ. ಮಗಳ ಎರಡೂ ಕೈ ನನ್ನ ಕೈಯೊಳಗೆ ತೆಗೆದುಕೊಂಡು, ಅವಳ ಹತ್ತೂ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ.