ಅಟ್ಟದ ಕೆಳಗಿನ ಎಂಜಿನ್

ಬೋರನಕಣಿವೆ ಕೆರೆಯ ನೀರು ದಡ ಬಿಟ್ಟು ಹಿಂದೆ ಸರಿಯತೊಡಗಿತೆಂದರೆ ವನಜಾಕ್ಷಿಯ ದೋಣಿಗೆ ರಜೆ. ಮಳೆಗಾಲದಿಂದ ಕಾರ್ತಿಕದವರೆಗೆ ಆಚೆ ದಡದ ಹೊಲದವರನ್ನು ಹುಲ್ಲಿನ ಹೊರೆ, ಕುರಿಮರಿಗಳ ಸಮೇತ ದಾಟಿಸುವ ದೋಣಿ ಅದು. ಡೀಸೆಲ್ ಎಂಜಿನ್ನನ್ನು ಹೊಟ್ಟೆಯೊಳಗೇ ಕೂರಿಸಿದ್ದರಿಂದ ಊರಿನವರು ಅದಕ್ಕೆ ಬಸುರಿ ದೋಣಿ ಎಂದೇ ಹೆಸರಿಟ್ಟಿದ್ದರು.

ಹೋದ ಚಳಿಗಾಲದಲ್ಲಿ ಎಂಜಿನ್ನನ್ನು ಮಲಗಿಸಿದವನು ಅವಳ ಗಂಡ ಮೈಲಾರಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಒಳಗೆ ಸ್ವಲ್ಪ ಎಣ್ಣೆ ಬಿಡಬೇಕು ಎಂದು ಯಾರೋ ಹೇಳಿದ್ದರು. ಯಾವ ಎಣ್ಣೆ ಎಂದು ಅವನು ಕೇಳಲಿಲ್ಲ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಎಣ್ಣೆ ಅಂದರೆ ಒಂದೇ. ಕೂಸಿನ ನೆತ್ತಿಗೂ ಅದೇ, ಬಾಗಿಲ ತಿರುಗಣಿಗೂ ಅದೇ. ಗಾಣದಿಂದ ತಂದ ಕೊಬ್ಬರಿ ಎಣ್ಣೆಯನ್ನು ಪ್ರೀತಿಯಿಂದಲೇ ಸುರಿದ. ಪುಷ್ಯದ ಚಳಿಗೆ ಅದು ಒಳಗೇ ಹೆಪ್ಪುಗಟ್ಟಿತು, ಬೇಸಿಗೆಗೆ ಕಮಟು ಹಿಡಿಯಿತು, ಒಳಗೆ ಉಳಿದಿದ್ದ ನೀರು ತುಕ್ಕೆಬ್ಬಿಸಿತು. ಮಳೆ ಬಂದು ಜನ ದಡದಲ್ಲಿ ಸಾಲುಗಟ್ಟಿದಾಗ ಪಿಸ್ಟನ್ ಅಲುಗಲಿಲ್ಲ. ತಿಪಟೂರಿನ ಮೆಕ್ಯಾನಿಕ್ ಬಿಚ್ಚಿ ಉಜ್ಜಿ ಕೊಡುವಷ್ಟರಲ್ಲಿ ದೋಣಿಯ ಅರ್ಧ ಕಾಲ ಮುಗಿದಿತ್ತು. ಜನ ಸುತ್ತು ದಾರಿಯ ಆಟೋ ರೂಢಿ ಮಾಡಿಕೊಂಡಿದ್ದರು. ಇನ್ನೊಂದು ಸಲ ಹೀಗಾದರೆ ದೋಣಿಯನ್ನು ಮರೆತೇಬಿಡುತ್ತಾರೆ.

ಕಾರ್ತಿಕ ಕಳೆದ ಮೇಲೆ, “ಈ ಸಲ ನಾನೇ ಮಲಗಿಸ್ತೀನಿ,” ಎಂದು ವನಜಾಕ್ಷಿ ದೋಣಿಗಿಳಿದಳು. ಮೆಕ್ಯಾನಿಕ್‌ನ ಎದುರು ಕೂತು ಎಲ್ಲವನ್ನೂ ಕೇಳಿಸಿಕೊಂಡು ಬಂದಿದ್ದಳು.

“ಏನವ್ವ, ಈ ಸತಿ ಎಣ್ಣೆ ಹಾಕಿ ಜಡೆನೂ ಹೆಣೀತೀಯಾ ಎಂಜಿನ್ಗೆ?” ಎಂದು ದಡದಿಂದ ಕೂಗಿದವನು ಹುಚ್ಚಣ್ಣ. ಆಚೆ ಹೊಲವಿರುವ ಅವನು ದೋಣಿಯ ಹಳೇ ಗಿರಾಕಿ.

“ಹೆಣೀತೀನಿ ಕಣಣ್ಣ. ಹೂವ ನೀನ್ ತಗಂಬಾ.”

“ಲೇ ಹುಚ್ಚ, ಬಾಯಿ ಮುಚ್ಕಂಡು ಹಗ್ಗ ಹಿಡ್ಕಳ್ಲಾ,” ಎಂದ ಮೈಲಾರಿ. ಜಡೆಯ ಮಾತು ಯಾರಿಗೆ ಬಿದ್ದದ್ದೆಂದು ಅವನಿಗೆ ಗೊತ್ತಿತ್ತು.

ವನಜಾಕ್ಷಿ ಕೊನೆಯ ಸಲ ಎಂಜಿನ್ ಓಡಿಸಿ ಬಿಸಿ ಮಾಡಿದಳು. ಬಿಸಿಯಲ್ಲೇ ಕರಿ ಆಯಿಲ್ ಇಳಿಸಿ ಹೊಸದನ್ನು ಹಾಕಿದಳು. ಎಂಜಿನ್ನಿನ ತಲೆಯ ಮೇಲಿನ, ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ ಒಳಕ್ಕೂ ಅದೇ ಎಂಜಿನ್ ಆಯಿಲ್ ಬಿಟ್ಟು, ಹ್ಯಾಂಡಲ್ ತಿರುಗಿಸಿ ಸವರಿಸಿದಳು. ತಳದ ನಲ್ಲಿ ತಿರುಗಿಸಿದಾಗ, ಎಂಜಿನ್ನಿನ ಸುತ್ತ ತಂಪಿಗೆಂದು ತುಂಬಿದ್ದ ಕೆರೆ ನೀರು ಸುರಿದು, ದಾರವಾಗಿ, ನಿಂತಿತು. ಡೀಸೆಲ್ ಟ್ಯಾಂಕನ್ನು ಬೇರೆ ಮಾಡಿ, ಹೊಗೆ ಕೊಳವೆಗೆ ಬಟ್ಟೆ ತುರುಕಿ, ಎಂಜಿನ್ನನ್ನು ಮೈಲಾರಿ, ಹುಚ್ಚಣ್ಣ ಇಬ್ಬರ ಕೈಯಲ್ಲಿ ಗಾಡಿಗೆ ಏರಿಸಿ ಮನೆಗೆ ತಂದಳು.

ಮನೆಯ ಹೊಸ್ತಿಲಲ್ಲಿ ಅತ್ತೆ ಸಿದ್ದಗಂಗಮ್ಮ ಅಡ್ಡ ನಿಂತಿದ್ದಳು.

“ಅದು ಒಳಿಕ್ಕೆ ಬರಂಗಿಲ್ಲ. ಕೊಬ್ರಿಯಾಗ್ಲಿ ಅಂತ ಇಟ್ಟಿರೋ ವರ್ಷದ ಕಾಯಿ ಅಟ್ಟದ ಮೇಲೈತೆ. ಡೀಸೆಲ್ ವಾಸ್ನೆ ಒಂದ್ ಕಿತ ಕೊಬ್ರಿಗೆ ಹತ್ತಿದ್ರೆ, ಮಾರ್ಕೆಟ್ನಾಗೆ ಒಡ್ದು ಮೂಸಿ ಆಚೆಗೆ ಒಗೀತಾರೆ.”

“ಕೊಟ್ಟಿಗೇಲಿ ಗಂಜಲದ ತೇವ ಅತ್ತೆ. ಈ ಮನೇಲಿ ಒಣಗಿರೋ ಜಾಗ ಅಂದ್ರೆ ನಿಮ್ ಅಟ್ಟದ ಕೆಳಗೇನೇ.”

“ಹಂಗಾರೆ ಗುಜರಿಗೆ ಹಾಕು.”

ವನಜಾಕ್ಷಿ ಸೆರಗು ಸಿಕ್ಕಿಸಿ ಅಂಗಳದಲ್ಲೇ ಕೂತಳು. ಬೂದಿ, ಸೋಪಿನ ಪುಡಿ, ಒಂದು ಹಿಡಿ ತೆಂಗಿನ ನಾರು. ಎಂಜಿನ್ನಿನ ಮೂಲೆ ಮೂಲೆಯನ್ನೂ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿದಳು. ಸಿದ್ದಗಂಗಮ್ಮ ಬಗ್ಗಿ ಮೂಸಿದಳು.

“ಐತೆ.”

ಮತ್ತೆ ತಿಕ್ಕಿದಳು. ಬೆರಳ ಸಂದುಗಳು ಉರಿಯತೊಡಗಿದವು.

“ವಸಿ ಐತೆ.”

“ಬುಡೇ, ನನ್ ತಲೆ ಮೇಲೆ ಇಟ್ಕಂಡ್ ಮಲಗ್ತೀನಿ,” ಎಂದ ಮೈಲಾರಿ. ವನಜಾಕ್ಷಿ ಕೇಳಿಸಿಕೊಳ್ಳಲಿಲ್ಲ, ಇನ್ನೊಂದು ಹಿಡಿ ನಾರು ಕಿತ್ತಳು. ಬಿಸಿಲು ಇಳಿಯುವ ಹೊತ್ತಿಗೆ ಮುದುಕಿ ಮತ್ತೊಮ್ಮೆ ಮೂಸಿ ತಲೆಯಾಡಿಸಿದಳು.

“ಹೂಂ. ಈಗ ಅಲ್ಲಾಡ್ಸು.”

“ಏನ?”

“ಅಲ್ಲಾಡ್ಸು ಅಂದೆ. ಕಾಯೊಳಗೆ ನೀರು ಇಂಗೈತೋ ಇಲ್ವೋ ಅಂತ ಕಿವಿಗಿಟ್ಟು ಅಲ್ಲಾಡ್ಸದೆ ಹೆಂಗ್ ಗೊತ್ತಾಯ್ತದೆ? ನೀರುಳಿದಿದ್ದು ಕೊಳೀತದೆ. ನನ್ನ ಅಟ್ಟದ ತಾವ ಏನೇ ಬಂದ್ರೂ ನಾನ್ ಕೇಳಿಸ್ಕಂಡೇ ಒಳಿಕ್ಕೆ ಬುಡೋದು.”

ಮೈಲಾರಿ ಹುಚ್ಚಣ್ಣನ ಮುಖ ನೋಡಿದ. ಇಬ್ಬರೂ ನಕ್ಕರು. “ಅವ್ವ, ಅದೇನ್ ತೆಂಗಿನ್ಕಾಯಾ?”

“ನೀರು ಇಳಿಸಿದೀನಿ ಅತ್ತೆ. ನಿಲ್ಲೋವರ್ಗೂ ನೋಡಿದೀನಿ,” ಎಂದಳು ವನಜಾಕ್ಷಿ. ಆದರೂ ಗಂಡಸರಿಗೆ ಸನ್ನೆ ಮಾಡಿದಳು. ಅವರು ಎಂಜಿನ್ನನ್ನು ಆ ಕಡೆ ಈ ಕಡೆ ವಾಲಿಸಿದರು. ಸಿದ್ದಗಂಗಮ್ಮ ಓಲೆ ಸರಿಸಿ ತಣ್ಣನೆಯ ಕಬ್ಬಿಣಕ್ಕೆ ಕಿವಿ ಹಚ್ಚಿದಳು.

“ಬುಳಕ್ ಅಂತು ಕಣೇ.”

ನಗು ನಿಂತಿತು. ವನಜಾಕ್ಷಿಯೂ ಕಿವಿಯಿಟ್ಟಳು. ಹೌದು, ಬುಳಕ್ ಅಂದಿತು. ಪೊರಕೆಯಿಂದ ಗರಿಕಡ್ಡಿಯೊಂದನ್ನು ಸೆಳೆದು ನಲ್ಲಿಯ ಬಾಯಿಗೆ ಮೇಲ್ಮುಖವಾಗಿ ಚುಚ್ಚಿದಳು. ಮೊದಲು ಕೆರೆಯ ಗೋಡುಮಣ್ಣು ಹೆಂಟೆಯಾಗಿ ಬಿತ್ತು. ಹಿಂದೆಯೇ ಕೆಂಪು ನೀರು ಚಿಮ್ಮಿ ಅವಳ ಸೀರೆಯ ಮೇಲೆ ಹರಿಯಿತು. ದಡದಲ್ಲಿ ಅದು ನೀರು ಮುಗಿದದ್ದಕ್ಕೆ ನಿಂತಿರಲಿಲ್ಲ, ದಾರಿ ಕಟ್ಟಿ ನಿಂತಿತ್ತು. ಅವಳು ಚುಚ್ಚುತ್ತಲೇ ಹೋದಳು, ಗಂಡಸರು ವಾಲಿಸುತ್ತಲೇ ಹೋದರು, ಅತ್ತೆ ಏನೂ ಕೇಳಿಸದಾಗುವವರೆಗೆ.

“ಹೂಂ. ಎತ್ಕಳ್ಳಿ. ಬಲಗಡೆ ಮೂಲೇಲಿ ಗೋಡೆಗೆ ತಾಗ್ದಂಗೆ ಇಡಿ.”

ಪುಷ್ಯ ಬಂತು. ಒಂದು ಬೆಳಗ್ಗೆ ಸಿದ್ದಗಂಗಮ್ಮ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿದರೂ ಹನಿ ಬೀಳಲಿಲ್ಲ, ಬಿಳೀ ಕಲ್ಲಾಗಿತ್ತು. ವನಜಾಕ್ಷಿ ವಾರಕ್ಕೊಮ್ಮೆ ಮಾಡುವಂತೆ ಅಟ್ಟದ ಕೆಳಗೆ ಹೋಗಿ, ಗೋಣಿ ಸರಿಸಿ, ಹ್ಯಾಂಡಲ್ ಹಿಡಿದಳು. ಒಂದು ಕ್ಷಣ ಹಾಗೇ ಹಿಡಿದುಕೊಂಡಳು. ಆಮೇಲೆ ತಿರುಗಿಸಿದಳು. ಎಲ್ಲೂ ತಡೆಯದೆ, ಉಸ್ಸೆಂದು ಉಸಿರು ಬಿಟ್ಟು, ಅದು ಪೂರ್ತಿ ಒಂದು ಸುತ್ತು ಬಂತು.

“ತಿರುಗ್ತಾ?” ಮೈಲಾರಿ ಬಾಗಿಲಲ್ಲಿದ್ದ. ಬಾಟಲಿಯಿಂದ ಕಡ್ಡಿಯಲ್ಲಿ ಕೆರೆದು ತೆಗೆದ ಎಣ್ಣೆಯನ್ನು ಅಂಗೈಯಲ್ಲಿ ಕರಗಿಸುತ್ತಿದ್ದ. “ಇನ್ನೊಂದ್ ಸುತ್ತು ನಾನ್ ತಿರುಗಿಸ್ಲಾ?”

“ಆ ಕೈಯಾಗಾ?” ಎಂದಳು ವನಜಾಕ್ಷಿ. “ತೊಳ್ಕಂಡ್ ಬನ್ನಿ, ಹೋಗಿ.”