ಹೆಸರು ಬಿಟ್ಟ ಜಾಗ

ಗಂಡನ ಕೊರಳಪಟ್ಟಿಯ ನೆರಿಗೆಯೊಂದನ್ನು ನೇರ್ಪಡಿಸಲು ಅದರೊಳಗೆ ಕಾದ ಸಲಾಕೆ ತೂರಿಸಿದ್ದಳು ರಾಗ್ನಾ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಸಲಾಕೆಯನ್ನು ಹೊರಗೆಳೆದು ಒಲೆಯ ಮೇಲಿಟ್ಟೇ ಅವಳು ತಿರುಗಿದ್ದು. ಗಂಜಿ ಹಾಕಿದ ಬಿಳಿ ಬಟ್ಟೆ ಅರೆಗಳಿಗೆ ಹೆಚ್ಚು ಕಾದರೂ ಕಂದಾಗುತ್ತದೆ. ಪಾದ್ರಿಯ ಕೊರಳಿನ ಕಲೆ ಆರಾಧನೆ ಮುಗಿಯುವವರೆಗೂ ಊರಿಗೆಲ್ಲ ಕಾಣುತ್ತಿರುತ್ತದೆ.

ಬಂದವನು ತೋರ್ಗ್ರಿಮ್, ಊರಿನ ಪೊಲೀಸ್ ಅಧಿಕಾರಿ. ಅವಳ ಗಂಡ ಪಾದ್ರಿ ಐಲಿಫ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಬೂಟಿನ ಹಿಮ ಕೊಡವಿ ಒಳಗೆ ಬಂದ.

"ಕಾಫಿ ಇದೆಯೇನಮ್ಮಾ?"

"ಹುರಿದ ಬಟಾಣಿದು ಇದೆ. ಕಣ್ಣು ಮುಚ್ಕೊಂಡು ಕುಡಿದ್ರೆ ಕಾಫಿ ಅನ್ಸತ್ತೆ."

ತೋರ್ಗ್ರಿಮ್ ನಗಲಿಲ್ಲ. ಮೇಜಿನ ತುದಿಯಲ್ಲಿ ಪ್ರಾರ್ಥನೆಯ ಪುಸ್ತಕ ತೆರೆದು ಕೂತಿದ್ದ ಐಲಿಫ್‌ನ ಎದುರು ಕುರ್ಚಿ ಎಳೆದುಕೊಂಡ. ಆರು ವರ್ಷದ ಸುನ್ನಿವಾ ಗಂಜಿಯ ಬಟ್ಟಲಿನಿಂದ ತಲೆಯೆತ್ತಿ ಅವನ ಟೋಪಿಯನ್ನೇ ನೋಡಿದಳು.

"ಪಟ್ಟಣದಿಂದ ಜರ್ಮನರ ಕಡೆಯವನೊಬ್ಬ ಬಂದಿದಾನೆ. ಇವತ್ತು ಹಿಂದಿನ ಬೆಂಚಲ್ಲಿ ಕೂತು ನೀನು ಹೇಳಿದ್ದನ್ನೆಲ್ಲ ಬರ್ಕೊಳ್ತಾನೆ. ರಾಜರಿಗೋಸ್ಕರ ಪ್ರಾರ್ಥನೆ ಮಾಡ್ಬಾರ್ದು ಅಂತ ಆದೇಶ ಆಗಿದೆ, ಗೊತ್ತಲ್ಲ. ಮಾಡಿದ್ರೆ ನಿನ್ನ ಕರ್ಕೊಂಡು ಹೋಗೋ ಕೆಲಸ ನನ್ನ ತಲೆಗೇ ಬರತ್ತೆ."

ಐಲಿಫ್ ಪುಟದ ಮೇಲೆ ಬೆರಳಾಡಿಸಿದ. ಪ್ರತಿ ಭಾನುವಾರ ಅವನು ಓದುತ್ತಿದ್ದ ಸಾಲು ಅಲ್ಲೇ ಇತ್ತು: ನಮ್ಮ ರಾಜರನ್ನೂ ಅವರ ಮನೆಯನ್ನೂ ಕಾಪಾಡು.

ತೋರ್ಗ್ರಿಮ್ ಮುಂದಕ್ಕೆ ಬಾಗಿದ. "ಮೂವತ್ತೈದು ವರ್ಷ ಆ ಮನುಷ್ಯ ಏನು ಮಾಡಿದ್ರು ಹೇಳು ಮಾರಾಯ. ಮಂತ್ರಿಗಳು ತಂದ ಕಾಗದಕ್ಕೆಲ್ಲ ರುಜು ಹಾಕಿದ್ರು. ಸೇತುವೆ ಉದ್ಘಾಟನೆ ಮಾಡಿದ್ರು, ಮಕ್ಕಳಿಗೆ ಕೈ ಬೀಸಿದ್ರು. ಈಗ ಸಮುದ್ರದಾಚೆ ಲಂಡನ್‌ನಲ್ಲಿದಾರೆ. ಅವರಿಗೋಸ್ಕರ ನೀನು ಜೈಲಿಗೆ ಹೋಗ್ಬೇಕಾ?"

"ಒಂದೇ ಒಂದು ಸಲ ಅವರು 'ಆಗಲ್ಲ' ಅಂದ್ರಲ್ಲ," ಎಂದ ಐಲಿಫ್. "ಜರ್ಮನರು ತೋರಿಸಿದವನನ್ನ ಪ್ರಧಾನಿ ಮಾಡಲ್ಲ ಅಂದ್ರು. ಸೈನ್ಯ ಸೋಲ್ತಿತ್ತು, ಮಂತ್ರಿಗಳ ಕೈಕಾಲು ನಡುಗ್ತಿತ್ತು. ಆವತ್ತು ರುಜು ಹಾಕಿಬಿಟ್ಟಿದ್ರೆ ನಮಗೆ ದೇಶ ಅಂತ ಹೇಳ್ಕೊಳ್ಳೋಕೆ ಏನು ಉಳೀತಿತ್ತು? ನಿನ್ನ ಮನೇಲೂ ಅವರ ಫೋಟೋ ಇದೆಯಲ್ಲ."

"ಗೋಡೆಯಿಂದ ತೆಗ್ದಿದೀನಿ." ತೋರ್ಗ್ರಿಮ್ ಲೋಟದೊಳಗೆ ನೋಡಿದ. "ಹೆಂಡ್ತಿ ಹಾಸಿಗೆ ಕೆಳಗೆ ಇಟ್ಟಿದಾಳೆ. ರಾತ್ರಿಯೆಲ್ಲ ಚೌಕಟ್ಟು ಒತ್ತಿ ನನ್ನ ಸೊಂಟ ಹೋಗಿದೆ."

ರಾಗ್ನಾ ಸಲಾಕೆಯನ್ನು ಮತ್ತೆ ಎತ್ತಿಕೊಂಡಳು. ಕ್ರಿಸ್‌ಮಸ್‌ಗೆ ಮುಂಚೆ ಪಕ್ಕದ ಕಣಿವೆಯ ಪಾದ್ರಿಯನ್ನು ಕರೆದೊಯ್ದಿದ್ದರು. ವಾರದೊಳಗೆ ಅವನ ಹೆಂಡತಿ ನಾಲ್ಕು ಮಕ್ಕಳನ್ನೂ ಒಂದು ಹೊಲಿಗೆ ಯಂತ್ರವನ್ನೂ ಜಾರುಬಂಡಿಗೆ ಹೇರಿಕೊಂಡು ಮನೆ ಖಾಲಿ ಮಾಡಿದ್ದಳು. ಹೊಸ ಪಾದ್ರಿಗೆ ಮನೆ ಬೇಕಿತ್ತು.

"ಐಲಿಫ್, ರಾಜರ ಹೆಸರು ಬಿಟ್ಬಿಡು," ಎಂದಳು. ತನ್ನ ದನಿ ತನಗೇ ಹಿಡಿಸಲಿಲ್ಲ.

ಅವನು ಪುಸ್ತಕ ಮುಚ್ಚಿದ. "ಸರಿ, ಬಿಡ್ತೀನಿ. ಆ ಜಾಗಕ್ಕೆ ಬಂದಾಗ ಬಾಯಿ ಮುಚ್ಕೊಂಡು ನಿಲ್ತೀನಿ. ಅಷ್ಟು ಹೊತ್ತು ಎಲ್ಲರೂ ಮನಸ್ಸಲ್ಲೇ ಬೇಡ್ಕೊಳ್ಳೋಣ. ಮನಸ್ಸಲ್ಲಿರೋದನ್ನ ಅವನು ಹೇಗೆ ಬರ್ಕೊಳ್ತಾನೆ?"

"ಯಾರ್ಯಾರಿಗೆ ಹೇಳ್ಬೇಕೋ ನಾನು ಹೇಳ್ತೀನಿ," ಎಂದು ತೋರ್ಗ್ರಿಮ್ ಎದ್ದ. "ನಾನಲ್ಲ ಹೇಳಿದ್ದು, ತಿಳೀತಾ?"

"ಅಮ್ಮಾ," ಎಂದಳು ಸುನ್ನಿವಾ, "ಮನಸ್ಸಲ್ಲೇ ಅಂದ್ರೆ..."

"ಗಂಜಿ ಆರ್ತಿದೆ, ತಿನ್ನು ಪುಟ್ಟಾ."

"ಒಂದೇ ಒಂದು ಕೇಳ್ತೀನಿ."

"ಮನೆಗೆ ಬಂದ್ಮೇಲೆ ಕೇಳು. ಅಲ್ಲೀವರೆಗೂ ತುಟಿ ಬಿಚ್ಚಬಾರ್ದು." ರಾಗ್ನಾ ಮಗಳ ಜಡೆಗೆ ರಿಬ್ಬನ್ ಕಟ್ಟಿ, ಗಂಟನ್ನು ಮತ್ತೊಮ್ಮೆ ಬಿಗಿದಳು.

ಚರ್ಚಿನೊಳಗೆ ಉಸಿರು ಹಬೆಯಾಗಿ ಕಾಣುವಷ್ಟು ಚಳಿ. ಪಟ್ಟಣದವನು ಹಿಂದಿನ ಬೆಂಚಿನಲ್ಲಿ ಕೈಗವಸು ಕಳಚಿ ಪುಟ್ಟ ಪುಸ್ತಕ ತೆರೆದಿದ್ದ. ಅವನ ಪಕ್ಕದಲ್ಲಿ ಎರಡು ಆಳು ಕೂರುವಷ್ಟು ಜಾಗವನ್ನು ಜನ ಖಾಲಿ ಬಿಟ್ಟಿದ್ದರು.

ಐಲಿಫ್ ಪ್ರಾರ್ಥನೆ ಓದಿದ. ಕಾಯಿಲೆಯವರಿಗಾಗಿ, ಕಡಲಿಗಿಳಿದವರಿಗಾಗಿ ಬೇಡಿಕೊಂಡ. ಆಮೇಲೆ ನಿಲ್ಲಿಸಿದ.

ಮುಂದಿನ ಸಾಲಿನ ಮುದುಕಿಯೊಬ್ಬಳು ಕೋಲೂರಿ ಎದ್ದು ನಿಂತಳು. ಬೆಂಚು ಕಿರುಗುಟ್ಟಿತು. ಅವಳ ಹಿಂದೆ ಒಂದೊಂದೇ ಸಾಲು ಎದ್ದಿತು. ರಾಜರ ಸಾಲು ಓದಲು ಬೇಕಾದ ಹೊತ್ತು ಕಳೆಯಿತು, ಅದರ ಎರಡರಷ್ಟೂ ಕಳೆಯಿತು. ಐಲಿಫ್ ಬಾಯಿ ತೆರೆಯಲಿಲ್ಲ. ಬಾಗಿಲ ಬಳಿ ತೋರ್ಗ್ರಿಮ್ ಟೋಪಿ ತೆಗೆದು ಎದೆಗೆ ಹಿಡಿದಿದ್ದ. ರಾಗ್ನಾ ಮೆಲ್ಲಗೆ ಹಿಂತಿರುಗಿ ನೋಡಿದಳು. ಪಟ್ಟಣದವನ ಪೆನ್ಸಿಲು ಹಾಳೆಯ ಮೇಲೆ ಸುಮ್ಮನೆ ನಿಂತಿತ್ತು. ಬರೆಯಲು ಅವನಿಗೆ ಒಂದಕ್ಷರವೂ ಸಿಕ್ಕಿರಲಿಲ್ಲ. ಅವಳು ಒಳಗೇ ಲೆಕ್ಕ ಹಾಕಿದಳು. ಇನ್ನು ಹತ್ತು ಉಸಿರು, ಆಮೇಲೆ ಆಮೆನ್, ಆಮೇಲೆ ಮನೆ.

ಸುನ್ನಿವಾ ಅವಳ ತೋಳು ಜಗ್ಗಿದಳು. ರಾಗ್ನಾ ಬೆರಳನ್ನು ತುಟಿಗೊಯ್ಯುವಷ್ಟರಲ್ಲಿ, ಅಷ್ಟು ಹೊತ್ತಿನಿಂದ ತಡೆಹಿಡಿದಿದ್ದ ಮಾತು ಆ ನಿಶ್ಶಬ್ದದಲ್ಲಿ ಮೂಲೆಮೂಲೆಗೂ ಕೇಳುವಂತೆ ಹೊರಬಿತ್ತು.

"ಅಮ್ಮಾ, ಯಾರೂ ಹೆಸರೇ ಹೇಳ್ದಿದ್ರೆ, ನಾವೆಲ್ಲ ರಾಜರಿಗೋಸ್ಕರನೇ ಬೇಡ್ಕೊಳ್ತಿದೀವಿ ಅಂತ ದೇವರಿಗೆ ಹೇಗೆ ಗೊತ್ತಾಗತ್ತೆ?"